ವೆಟ್ ಪ್ಲೇಟ್ ಭಾವಚಿತ್ರ: ಅಮ್ಮನ ಮುಖದಲ್ಲಿ ಕಾಣದ ಕಲೆಗಳು ಪ್ಲೇಟಿನಲ್ಲಿ ಬಂದದ್ದೆಲ್ಲಿಂದ?

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ತಗಡಿಗೋ ಗಾಜಿಗೋ ರಾಸಾಯನಿಕ ಬಳಿದು, ಅದು ಹಸಿಯಿರುವಾಗಲೇ ಚಿತ್ರ ತೆಗೆಯುವ ಹಳೆಯ ವೆಟ್ ಪ್ಲೇಟ್ ವಿಧಾನದ ಸ್ಟುಡಿಯೋವೊಂದಕ್ಕೆ ಅಮ್ಮ, ತಂಗಿ ಮತ್ತು ನಾನು ಹೋಗಿದ್ದೆವು. ಕಪ್ಪು ತಗಡಿನ ಮೇಲೆ ಮೂಡಿಬಂದ ಅಮ್ಮನ ಮುಖ ನೋಡಿ ಮೂವರಿಗೂ ಮಾತೇ ಹೊರಡಲಿಲ್ಲ. ಕೆನ್ನೆ, ಹಣೆಯ ತುಂಬ ನಾವು ಎಂದೂ ಕಾಣದ ಕಪ್ಪು ಚುಕ್ಕೆಗಳು. ಮೈಬಣ್ಣ ಇರುವುದಕ್ಕಿಂತ ಬಹಳ ಕಪ್ಪು. ಸುಕ್ಕುಗಳು ಎದ್ದು ಕಂಡು ಹತ್ತು ವರ್ಷ ಹೆಚ್ಚಾದಂತಿದೆ. ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿದೆ. ತಂಗಿಯ ಮುಂಗೈ ಮೇಲಿರುವ ನೀಲಿ ಹಚ್ಚೆ ಮಾತ್ರ ಅವಳ ಚಿತ್ರದಲ್ಲಿ ಇಲ್ಲವೇ ಇಲ್ಲ. ಛಾಯಾಗ್ರಾಹಕರನ್ನು ಕೇಳಿದರೆ, 'ಈ ವಿಧಾನ ಚರ್ಮದ ಒಳಗಿರುವುದನ್ನು ತೋರಿಸುತ್ತದೆ, ಇದೇ ನಿಜವಾದ ಮುಖ' ಎಂದರು. ಅಂದಿನಿಂದ ಅಮ್ಮ ಕನ್ನಡಿಯ ಮುಂದೆ ನಿಂತು ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ. ಇದು ಚರ್ಮದ ಕಾಯಿಲೆಯ ಸೂಚನೆಯೇ? ಅಥವಾ ಫೋಟೋ ತೆಗೆದವರ ತಪ್ಪೇ? ಕುಳಿತಾಗ ತಲೆಯ ಹಿಂದೆ ಇಟ್ಟಿದ್ದ ಕಬ್ಬಿಣದ ಕವಲುಗೋಲನ್ನು ಹಿಂದಿನ ಕಾಲದಲ್ಲಿ ಹೆಣಗಳನ್ನು ನಿಲ್ಲಿಸಿ ಫೋಟೋ ತೆಗೆಯಲು ಬಳಸುತ್ತಿದ್ದರು ಎಂದು ಯಾರೋ ಹೇಳಿದ ಮೇಲೆ ಅವರ ಕಳವಳ ಇನ್ನೂ ಹೆಚ್ಚಿದೆ. ನನಗೆ ಡಿಜಿಟಲ್ ಫೋಟೋಗ್ರಫಿ ಗೊತ್ತು. ಈ ವಿಧಾನವನ್ನು ನಾನೇ ಕಲಿತು ಅಮ್ಮನ ಚಿತ್ರವನ್ನು ಮತ್ತೊಮ್ಮೆ ಚೆನ್ನಾಗಿ ತೆಗೆಯಬೇಕೆಂಬ ಆಸೆಯಿದೆ. ಆದರೆ ಇದರಲ್ಲಿ ಸಯನೈಡ್ ಬಳಸುತ್ತಾರಂತೆ. ನನಗೆ ಸ್ವಲ್ಪ ಆಸ್ತಮಾ ಕೂಡ ಇದೆ. ಮನೆಯಲ್ಲಿ ಮಾಡಬಹುದೇ?

ಉತ್ತರ: ನಿಮ್ಮ ತಾಯಿಯವರ ಆತಂಕದಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಪ್ಲೇಟಿನಲ್ಲಿ ಇಂಥ ಚುಕ್ಕೆಗಳು ಕಾಣುವುದು ರೋಗದ ಸೂಚನೆಯಲ್ಲ. ವರ್ಷಾನುಗಟ್ಟಲೆ ಬಿಸಿಲು ಕಂಡ ಯಾವ ಮುಖವನ್ನು ಈ ವಿಧಾನದಲ್ಲಿ ಸೆರೆಹಿಡಿದರೂ ಅವು ಕಾಣಿಸಿಕೊಳ್ಳುತ್ತವೆ. ನನ್ನ ಕ್ಯಾಮೆರಾದ ಮುಂದೆ ಕುಳಿತ ನಡುವಯಸ್ಸಿನವರಲ್ಲಿ ಕೆನ್ನೆ, ಮೂಗು, ಹಣೆಯ ಮೇಲೆ ಒಂದಿಷ್ಟಾದರೂ ಚುಕ್ಕೆ ಬಾರದವರು ಅಪರೂಪ. ಬಿಸಿಲಿಗೆ ಚರ್ಮದ ಮೇಲ್ಪದರದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಅಲ್ಲಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಪ್ಲೇಟಿಗೆ ತಿಳಿಯುತ್ತದೆ. ಬಿಸಿಲಿನ ಹಾನಿಯನ್ನು ತೋರಿಸಿಕೊಡಲು ಚರ್ಮರೋಗ ತಜ್ಞರೂ ಅತಿನೇರಳೆ ಬೆಳಕಿನ ಫೋಟೋಗಳನ್ನು ಬಳಸುವುದುಂಟು. ಹಾಗೆಂದು ವೆಟ್ ಪ್ಲೇಟ್ ನೋಡಿ ರೋಗವನ್ನು ಗುರುತಿಸಲಾಗದು, ಇಲ್ಲವೆನ್ನಲೂ ಆಗದು. ಬರಿಗಣ್ಣಿಗೆ ಕಾಣುವ ಮಚ್ಚೆಯೊಂದು ಬೆಳೆಯುತ್ತಿದ್ದರೆ, ಅದರ ಆಕಾರವೋ ಬಣ್ಣವೋ ಬದಲಾಗುತ್ತಿದ್ದರೆ, ರಕ್ತ ಒಸರುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಅದನ್ನು ಮುಖ ನೋಡಿ ನಿರ್ಧರಿಸಿ, ತಗಡು ನೋಡಿ ಬೇಡ.

ಇನ್ನು 'ಚರ್ಮದ ಒಳಗಿರುವುದನ್ನು ತೋರಿಸುತ್ತದೆ' ಎಂಬ ಮಾತು. ಇದನ್ನು ನಾನು ಅನೇಕ ಕಡೆ ಕೇಳಿದ್ದೇನೆ, ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಏಕೆಂದರೆ ವಾಸ್ತವ ಇದಕ್ಕೆ ಪೂರ್ತಿ ವಿರುದ್ಧ, ಮತ್ತು ಅದರ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಹಚ್ಚೆಯ ಶಾಯಿ ಇರುವುದು ಚರ್ಮದ ಒಳಪದರದಲ್ಲಿ. ಬಿಸಿಲಿನ ಕಲೆ ಇರುವುದು ಮೇಲ್ಪದರದಲ್ಲಿ. ಒಳಗಿದ್ದ ಹಚ್ಚೆ ಮಾಯವಾಗಿ, ಮೇಲಿದ್ದ ಕಲೆ ಎದ್ದು ಕಂಡಿದೆ. ಒಳಗನ್ನು ತೋರಿಸುವ ವಿಧಾನವಾಗಿದ್ದರೆ ಹೀಗಾಗಲು ಸಾಧ್ಯವೇ? ಕೆಂಪು ಬೆಳಕು ಚರ್ಮದೊಳಕ್ಕೆ ಸಾಕಷ್ಟು ಇಳಿದು, ಚದುರಿ, ಹೊರಬರುತ್ತದೆ. ಮುಖಕ್ಕೆ ನಯವಾದ ಹೊಳಪು ಬರುವುದು ಅದರಿಂದ. ನೀಲಿ ಮತ್ತು ನೇರಳೆ ಬೆಳಕು ಮಿಲಿಮೀಟರಿನ ಸಣ್ಣದೊಂದು ಅಂಶದಷ್ಟು ಇಳಿಯುವಷ್ಟರಲ್ಲಿ ಹೀರಲ್ಪಡುತ್ತದೆ, ಇಲ್ಲವೇ ಹಿಂತಿರುಗುತ್ತದೆ. ವೆಟ್ ಪ್ಲೇಟ್ ನೋಡುವುದು ಈ ಎರಡನೆಯ ಬೆಳಕನ್ನು ಮಾತ್ರ. ಅದು ಕಾಣುವುದು ಚರ್ಮದ ಮೇಲುಮೇಲಿನ ತೆಳು ಪದರವನ್ನು. ಸುಕ್ಕು, ಒರಟು, ಕಲೆ ಎಲ್ಲವೂ ಅಲ್ಲೇ ಇರುವುದರಿಂದ ಎಲ್ಲವೂ ಗಾಢವಾಗಿ ಬರುತ್ತವೆ.

ತಂಗಿಯ ಹಚ್ಚೆಯದು ಇನ್ನೂ ಸರಳ. ನೀಲಿ ಶಾಯಿ ನೀಲಿ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಸುತ್ತಲಿನ ಚರ್ಮವೂ ಹೆಚ್ಚುಕಡಿಮೆ ಅಷ್ಟೇ ಕಳಿಸುತ್ತದೆ. ಎರಡಕ್ಕೂ ವ್ಯತ್ಯಾಸವಿಲ್ಲದ ಮೇಲೆ ಚಿತ್ರದಲ್ಲಿ ಹಚ್ಚೆ ಇರುವುದಾದರೂ ಹೇಗೆ? 19ನೇ ಶತಮಾನದಲ್ಲಿ ತೆಗೆದ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾವಚಿತ್ರಗಳಲ್ಲಿ ಅವರ ಮುಖದ ಹಚ್ಚೆ ಮಸುಕಾಗಿಬಿಟ್ಟದ್ದೂ ಇದೇ ಕಾರಣಕ್ಕೆ. ಒಂದು ಜನಾಂಗ ಹೆಮ್ಮೆಯಿಂದ ಮುಖದ ಮೇಲೆ ಹೊತ್ತ ಗುರುತನ್ನೇ ಕಾಣದ ವಿಧಾನವೊಂದನ್ನು 'ನಿಜ ತೋರಿಸುವ ಕ್ಯಾಮೆರಾ' ಎನ್ನುವುದು ನ್ಯಾಯವಲ್ಲ.

ಪ್ಲೇಟ್ ಹೀಗೇಕೆ ನೋಡುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಸಲ ಏನು ಮಾಡಬೇಕೆಂಬುದೂ ತಾನಾಗಿ ತಿಳಿಯುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಈ ವಿಧಾನವನ್ನು ಪ್ರಕಟಿಸಿದ. ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟು, 1857ರಲ್ಲಿ ಬಡತನದಲ್ಲೇ ತೀರಿಕೊಂಡ. ನೈಟ್ರೋಸೆಲ್ಯುಲೋಸನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದ ಅಂಟುದ್ರವವೇ ಕೊಲೋಡಿಯನ್. ಅದಕ್ಕೆ ಅಯೊಡೈಡ್, ಬ್ರೋಮೈಡ್ ಲವಣಗಳನ್ನು ಸೇರಿಸಿ ಗಾಜಿನ ಅಥವಾ ತಗಡಿನ ಮೇಲೆ ಹರಿಸಿ, ಅಂಟಂಟಾಗುತ್ತಿದ್ದಂತೆ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಮೂರು ನಾಲ್ಕು ನಿಮಿಷ ಮುಳುಗಿಸುತ್ತೇವೆ. ಆಗ ಪದರದಲ್ಲಿ ಸಿಲ್ವರ್ ಅಯೊಡೈಡ್ ಮತ್ತು ಸಿಲ್ವರ್ ಬ್ರೋಮೈಡ್ ಹುಟ್ಟುತ್ತವೆ. ಪದರ ಒಣಗಿದರೆ ಡೆವಲಪರ್, ಎಂದರೆ ಚಿತ್ರವನ್ನು ಮೂಡಿಸುವ ದ್ರವ, ಒಳಗಿಳಿಯದು. ಆದ್ದರಿಂದ ಹಸಿಯಾಗಿರುವಾಗಲೇ, ಹವೆಯನ್ನು ಅವಲಂಬಿಸಿ ಹತ್ತು ಹದಿನೈದು ನಿಮಿಷದೊಳಗೆ, ಚಿತ್ರ ತೆಗೆದು ಡೆವಲಪ್ ಮಾಡಿ ಮುಗಿಸಬೇಕು. ಈ ಎರಡು ಲವಣಗಳೂ ನೀಲಿ, ನೇರಳೆ ಮತ್ತು ಅತಿನೇರಳೆಗೆ ಮಾತ್ರ ಸ್ಪಂದಿಸುತ್ತವೆ. ಕೆಂಪು, ಕಿತ್ತಳೆ, ಹಳದಿ ಅವುಗಳ ಪಾಲಿಗೆ ಕತ್ತಲೆ. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ನಿಶ್ಚಿಂತೆಯಿಂದ ಕೆಲಸ ಮಾಡುತ್ತೇವಲ್ಲ, ಅದು ಈ ಕುರುಡುತನದ ಕೃಪೆ. 'ಇದು ಅತಿನೇರಳೆ ಫೋಟೋ' ಎನ್ನುವುದು ಅರ್ಧ ಸತ್ಯ ಮಾತ್ರ. ಲೆನ್ಸಿನ ದಪ್ಪ ಗಾಜು ಅತಿನೇರಳೆಯ ಹೆಚ್ಚಿನ ಭಾಗವನ್ನು ತಡೆಯುವುದರಿಂದ ಮುಖ್ಯ ಕೆಲಸ ನಡೆಯುವುದು ನೇರಳೆ ಮತ್ತು ನೀಲಿಯಲ್ಲೇ.

ಈಗ ಮುಖಕ್ಕೆ ಬನ್ನಿ. ಮೆಲನಿನ್ ಬೆಳಕನ್ನು ಹೀರುವ ಶಕ್ತಿ ಕೆಂಪಿನ ಕಡೆ ಕಡಿಮೆ, ನೀಲಿ ನೇರಳೆಯ ಕಡೆ ಹೋದಷ್ಟೂ ಹೆಚ್ಚು. ರಕ್ತದ ಹಿಮೋಗ್ಲೋಬಿನ್ ಅತಿ ಹೆಚ್ಚು ಹೀರುವುದು 415 ನ್ಯಾನೋಮೀಟರ್ ಆಸುಪಾಸಿನ ನೇರಳೆ ಬೆಳಕನ್ನು. ಎಂದರೆ ಚರ್ಮದ ಬಣ್ಣಕ್ಕೆ ಕಾರಣವಾದ ಎರಡೂ ವಸ್ತುಗಳು ಪ್ಲೇಟಿಗೆ ಬೇಕಾದ ಬೆಳಕನ್ನೇ ನುಂಗಿಬಿಡುತ್ತವೆ. ಕಂದುಬಣ್ಣದ ಮೈ ಇರುವುದಕ್ಕಿಂತ ಕಪ್ಪಾಗುತ್ತದೆ, ಕೆಂಪೇರಿದ ಕೆನ್ನೆಯ ಮೇಲೆ ಮಸಿ ಬಳಿದಂತಾಗುತ್ತದೆ, ತುಟಿ ಕಪ್ಪಾಗುತ್ತದೆ. ತಿಳಿನೀಲಿ ಕಣ್ಣುಗಳು ಮಾತ್ರ ಬೆಳ್ಳಗೆ ದೆವ್ವದ ಕಣ್ಣುಗಳಂತೆ ಹೊಳೆಯುತ್ತವೆ. ಹಳೆಯ ಫೋಟೋಗಳ ಸಂರಕ್ಷಣೆಯ ಕೆಲಸದಲ್ಲಿ ಈ ವಿಷಯ ನನ್ನನ್ನು ಬಹಳ ಕಾಡಿದೆ. 1850ರ ದಶಕದಿಂದ 1880ರ ದಶಕದವರೆಗೆ, ಜೆಲಟಿನ್ ಒಣ ಪ್ಲೇಟುಗಳು ಬಂದು ಈ ವಿಧಾನವನ್ನು ಹಿಂದೆ ತಳ್ಳುವ ತನಕ, ಲೋಕದ ಬಹುಪಾಲು ಮುಖಗಳನ್ನು ದಾಖಲಿಸಿದ್ದು ಇದೇ. ಆ ಚಿತ್ರಗಳನ್ನು ನೋಡಿ ಅಂದಿನ ಜನ ಬಿಸಿಲಿಗೆ ಬೆಂದು ಒರಟಾಗಿದ್ದರು, ಕಂದುಬಣ್ಣದವರೆಲ್ಲ ಕಡುಕಪ್ಪಾಗಿದ್ದರು ಎಂದು ನಾವು ನಂಬಿಬಿಟ್ಟಿದ್ದೇವೆ. ಅವರು ಹಾಗಿದ್ದರೋ ಇಲ್ಲವೋ ಎಂದು ಬರೀ ಆ ಪ್ಲೇಟುಗಳಿಂದ ಹೇಳಲಾಗದು.

ಮಚ್ಚೆ ಕೆನ್ನೆ ಬದಲಿಸಿದ್ದಕ್ಕೆ ಗಾಬರಿ ಬೇಡ. ಲೆನ್ಸ್ ಮೂಡಿಸಿದ ಬಿಂಬವನ್ನು ತಗಡಿನ ಮೇಲೆ ನೇರವಾಗಿ, ಅದೇ ಬದಿಯಿಂದ ನೋಡುವುದರಿಂದ ಎಡ ಬಲ ಅದಲುಬದಲಾಗುತ್ತವೆ. ಗಾಜಿನ ಪ್ಲೇಟಾಗಿದ್ದರೆ ತಿರುಗಿಸಿ ಹಿಂಬದಿಯಿಂದ ನೋಡಬಹುದು, ತಗಡಿನಲ್ಲಿ ಆ ದಾರಿಯಿಲ್ಲ. ಅಮೆರಿಕದ 19ನೇ ಶತಮಾನದ ಕುಖ್ಯಾತ ಬಂದೂಕುಧಾರಿ ಬಿಲ್ಲಿ ದ ಕಿಡ್‌ನ ಹೆಸರಾಂತ ಚಿತ್ರ ಇಂಥದ್ದೇ ತಗಡಿನದು. ಅದನ್ನು ನೋಡಿ ಅವನು ಎಡಗೈ ಬಂಟನೆಂದು ಜನ ಬಹುಕಾಲ ನಂಬಿದ್ದರು. ಅವನ ಕೈಯಲ್ಲಿದ್ದ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಬಾಗಿಲು ಚಿತ್ರದಲ್ಲಿ ತಪ್ಪು ಬದಿಗಿರುವುದನ್ನು ಗಮನಿಸಿದಾಗ ಚಿತ್ರವೇ ಮಗುಚಿದೆ ಎಂಬುದು ಖಚಿತವಾಯಿತು. ನಿಮ್ಮ ಮನೆಯ ಮಟ್ಟಿಗೆ ಇದರಲ್ಲೊಂದು ಸೂಕ್ಷ್ಮವಿದೆ. ಅಮ್ಮ ತಮ್ಮ ಮುಖವನ್ನು ದಿನಾ ನೋಡುವುದು ಕನ್ನಡಿಯಲ್ಲಿ, ಆದ್ದರಿಂದ ತಗಡಿನ ಎಡ ಬಲ ಅವರಿಗೆ ಪರಿಚಿತವೇ. ಎದುರಿನಿಂದ ನೋಡಿ ರೂಢಿಯಾದ ನಿಮಗೆ, ತಂಗಿಗೆ ಅದು ಬೇರೆ ಯಾರದೋ ಮುಖದಂತೆ ಕಾಣುತ್ತದೆ. ನಿಮ್ಮ ಮೂವರ ಗಾಬರಿಗೂ ಕಾರಣ ಪೂರ್ತಿ ಒಂದೇ ಆಗಿರಲಾರದು. ಅವರೊಡನೆ ಮಾತಾಡುವಾಗ ಇದು ನೆನಪಿರಲಿ.

ಕಬ್ಬಿಣದ ಕವಲುಗೋಲಿನ ಕಥೆ ಶುದ್ಧ ಕಟ್ಟುಕಥೆ. ಬದುಕಿರುವವರ ತಲೆ ಕೆಲವು ಸೆಕೆಂಡು ಅಲುಗದಿರಲೆಂದು ಕೊಡುವ ಸಣ್ಣ ಆಸರೆ ಅದು, ಹೆಣದ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ಅಷ್ಟಕ್ಕೂ, ಅಲುಗದ ದೇಹಕ್ಕೆ ಅಲುಗದಂತೆ ತಡೆಯುವ ಸಾಧನ ಏಕೆ ಬೇಕು? ಸತ್ತವರ ಫೋಟೋ ತೆಗೆಯುವ ರೂಢಿ ಆ ಕಾಲದಲ್ಲಿ ಇತ್ತು, ನಿಜ. ಆದರೆ ಹಾಸಿಗೆಯಲ್ಲೋ ಶವಪೆಟ್ಟಿಗೆಯಲ್ಲೋ ಮಲಗಿಸಿ, ಮಗುವಾದರೆ ತಾಯಿಯ ಮಡಿಲಲ್ಲಿಟ್ಟು, ಸಾವನ್ನು ಮರೆಮಾಚದೆ ತೆಗೆದ ಚಿತ್ರಗಳೇ ಹೆಚ್ಚು. ಹಳೆಯ ಫೋಟೋದಲ್ಲಿ ನಿಂತವರ ಪಾದಗಳ ಹಿಂದೆ ಕಬ್ಬಿಣದ ಅಡಿ ಕಂಡರೆ ಆ ವ್ಯಕ್ತಿ ಜೀವಂತವಾಗಿದ್ದ ಎಂದೇ ತಿಳಿಯಿರಿ. ಅಮ್ಮ ಒರಗಿ ಕುಳಿತದ್ದು ಬದುಕಿದ್ದವರಿಗಾಗಿಯೇ ಮಾಡಿದ ಸಾಧನಕ್ಕೆ.

ಹಾಗಾದರೆ ಫೋಟೋ ತೆಗೆದವರದು ತಪ್ಪೇನೂ ಇಲ್ಲವೇ? ಕಲೆಗಳು ಮೂಡಿದ್ದು ಅವರ ತಪ್ಪಲ್ಲ. ಹೀಗಾಗುತ್ತದೆ ಎಂದು ಮೊದಲೇ ಹೇಳದಿದ್ದದ್ದು ಮತ್ತು ಆಮೇಲೆ 'ಇದೇ ನಿಜವಾದ ಮುಖ' ಎಂದದ್ದು ತಪ್ಪು. ಕುಳಿತುಕೊಳ್ಳುವವರಿಗೆ ತಮ್ಮ ಮುಖ ಹೇಗೆ ಬರಲಿದೆ ಎಂದು ತಿಳಿಸಿ, ಒಪ್ಪಿಗೆ ಪಡೆದ ಮೇಲೆಯೇ ಕೊಲೋಡಿಯನ್ ಬಾಟಲಿಗೆ ಕೈ ಹಾಕಬೇಕು. ನನ್ನ ಕೆಲಸದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. ಕೆಲವರು ಕಲೆ, ಸುಕ್ಕುಗಳು ಬೇಕೆಂದೇ ಬರುತ್ತಾರೆ. ಕೆಲವರು ಮಾದರಿ ಪ್ಲೇಟುಗಳನ್ನು ನೋಡಿ, ಬೇಡವೆಂದು ಎದ್ದು ಹೋಗುತ್ತಾರೆ. ಎರಡೂ ಸರಿಯೇ.

ಜೊತೆಗೆ ಬೆಳಕು, ಬಟ್ಟೆ, ಎಕ್ಸ್‌ಪೋಷರ್ (ಪ್ಲೇಟಿಗೆ ಬೆಳಕು ಬೀಳುವ ಹೊತ್ತು) ಕೂಡ ಅಮ್ಮನ ಚಿತ್ರವನ್ನು ಕೆಡಿಸಿರುವ ಸಾಧ್ಯತೆಯಿದೆ. ಪ್ಲೇಟನ್ನು ಮತ್ತೊಮ್ಮೆ ನೋಡಿ. ಕಣ್ಣಿನಲ್ಲಿ ದೀಪದ ಪ್ರತಿಬಿಂಬ ಪಕ್ಕಕ್ಕಿದ್ದು, ಮೂಗಿನ ನೆರಳು ಕೆನ್ನೆಗೆ ಬಿದ್ದಿದ್ದರೆ ಬೆಳಕನ್ನು ಬದಿಯಿಂದ ಕೊಟ್ಟಿದ್ದಾರೆ. ಓರೆಯಾಗಿ ಬಿದ್ದ ಬೆಳಕು ಪ್ರತಿ ಸುಕ್ಕಿಗೂ ನೆರಳು ಕೊಡುತ್ತದೆ. ಬಟ್ಟೆ ಬೆಳ್ಳಗೋ ನೀಲಿಯೋ ಇತ್ತೇ ಎಂಬುದನ್ನೂ ನೆನಪಿಸಿಕೊಳ್ಳಿ. ಡೆವಲಪ್ ಮಾಡುವ ಗಳಿಗೆಯನ್ನು ಹತ್ತಿರದಿಂದ ನೋಡಿದರೆ ಬಟ್ಟೆಯ ಮಹತ್ವ ತಿಳಿಯುತ್ತದೆ. ಪ್ಲೇಟನ್ನು ಸಮತಟ್ಟಾಗಿ ಹಿಡಿದು ಫೆರಸ್ ಸಲ್ಫೇಟಿನ ಡೆವಲಪರನ್ನು ಅಂಚಿನಿಂದ ಅಂಚಿಗೆ ಒಂದೇ ಬೀಸಿನಲ್ಲಿ ಹರಿಸುತ್ತೇವೆ. ಮೊದಲು ಮೂಡುವುದು ಬಿಳಿ ಅಂಗಿ. ಬಳಿಕ ಹಣೆಯ ಹೊಳಪು, ಮೂಗಿನ ತುದಿ. ಕೆನ್ನೆಯ ನೆರಳಿನ ಭಾಗ ಎಲ್ಲಕ್ಕಿಂತ ಕೊನೆಗೆ. ಸಾಮಾನ್ಯವಾಗಿ 15ರಿಂದ 20 ಸೆಕೆಂಡಿನಲ್ಲಿ ನೀರು ಸುರಿದು ನಿಲ್ಲಿಸಬೇಕು. ಅಂಗಿ ಚೆನ್ನಾಗಿ ಬಂತೆಂದು ನಿಲ್ಲಿಸಿದರೆ ಮುಖ ಅರ್ಧಕ್ಕೇ ನಿಲ್ಲುತ್ತದೆ, ಮುಖ ಬರಲೆಂದು ಕಾದರೆ ಪ್ಲೇಟಿನ ತುಂಬ ಮಂಜು ಕವಿಯುತ್ತದೆ. ಈ ಇಕ್ಕಟ್ಟು ಹುಟ್ಟದಂತೆ ನೋಡಿಕೊಳ್ಳಬೇಕಾದದ್ದು ಕ್ಯಾಮೆರಾದ ಮುಂದೆ. ಕಂದು ಮೈಬಣ್ಣದವರಿಗೆ ಎಕ್ಸ್‌ಪೋಷರ್ ಹೆಚ್ಚು ಬೇಕು. ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಸೆಕೆಂಡು ಎಣಿಸುವುದು ಸೋಮಾರಿತನ.

ಮತ್ತೆ ತೆಗೆಯುವುದಾದರೆ ಮೊದಲ ಹೆಜ್ಜೆಗೆ ಯಾವ ರಾಸಾಯನಿಕವೂ ಬೇಕಿಲ್ಲ. ನಿಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ ಅಮ್ಮನ ಬಣ್ಣದ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕೆಂಪು ಹಸಿರು ಚಾನೆಲ್‌ಗಳನ್ನು ಬಿಟ್ಟು ನೀಲಿ ಚಾನೆಲ್ ಒಂದನ್ನೇ ಕಪ್ಪುಬಿಳುಪಿನಲ್ಲಿ ನೋಡಿ. ಪ್ಲೇಟ್ ತೋರಿಸುವುದಕ್ಕೆ ಅದು ಬಹಳ ಹತ್ತಿರ, ಪ್ಲೇಟ್ ಇನ್ನೂ ಸ್ವಲ್ಪ ಕಠೋರ ಅಷ್ಟೇ. ಬಳಿಕ ಕೆಂಪು ಚಾನೆಲ್ ಒಂದನ್ನೇ ತೋರಿಸಿ. ಕಲೆಗಳು ಕರಗಿ, ಚರ್ಮ ನಯವಾಗಿ, ವಯಸ್ಸು ಇಳಿದಂತೆ ಕಾಣುತ್ತದೆ. ಒಂದೇ ಗಳಿಗೆಯ ಒಂದೇ ಮುಖದ ಎರಡು ಚಿತ್ರಗಳಿವು. ಅಕ್ಕಪಕ್ಕ ಇಟ್ಟು ಅಮ್ಮನಿಗೆ ತೋರಿಸಿ. ನಾನು ಇಲ್ಲಿ ಬರೆದ ವಿವರಣೆಯೆಲ್ಲದಕ್ಕಿಂತ ಅದು ಹೆಚ್ಚು ಸಮಾಧಾನ ಕೊಡುತ್ತದೆ ಎಂಬ ಭರವಸೆ ನನಗಿದೆ. ಇಷ್ಟಾದ ಮೇಲೂ ಅವರಿಗೆ ಮತ್ತೆ ಕುಳಿತುಕೊಳ್ಳುವ ಮನಸ್ಸಿಲ್ಲದಿದ್ದರೆ ದಯವಿಟ್ಟು ಒತ್ತಾಯಿಸಬೇಡಿ.

ಮನಸ್ಸು ಮಾಡಿದರೆ, ಬಟ್ಟೆಯನ್ನು ಈ ನೀಲಿ ಚಾನೆಲ್‌ನಲ್ಲೇ ಆರಿಸಿ. ಕೆಂಗಂದು, ಕಿತ್ತಳೆ, ಹಳದಿ ಎಲ್ಲವೂ ಪ್ಲೇಟಿನಲ್ಲಿ ಕಪ್ಪಾಗುತ್ತವೆ. ಅವುಗಳ ನಡುವೆ ಮುಖವೇ ಎಲ್ಲಕ್ಕಿಂತ ಬೆಳಕಾದ ಭಾಗವಾಗಿ ನಿಲ್ಲುತ್ತದೆ. ಹಿನ್ನೆಲೆಯೂ ಗಾಢವಾಗಿರಲಿ. ಬೆಳಕಿಗೆ ದೊಡ್ಡ ಕಿಟಕಿಯೋ, ಆಕಾಶಕ್ಕೆ ತೆರೆದ ನೆರಳೋ ಉತ್ತಮ. ನೇರ ಬಿಸಿಲಿಲ್ಲದ ಕಡೆ ಆಕಾಶದಿಂದ ಬರುವ ಬೆಳಕಿನಲ್ಲಿ ನೀಲಿ ಧಾರಾಳವಾಗಿರುತ್ತದೆ. ಅದು ಎದುರಿನಿಂದ, ಸ್ವಲ್ಪ ಮೇಲಿನಿಂದ ಬರಲಿ, ಮಡಿಲ ಮಟ್ಟದಲ್ಲಿ ಒಂದು ಬಿಳಿ ಹಲಗೆ ಹಿಡಿದು ಕೆಳಗಿನ ನೆರಳನ್ನು ತುಂಬಿ. ಸಂಜೆಯ ಬೆಳಕು ಕಣ್ಣಿಗೆ ಎಷ್ಟು ಚೆಂದವಿದ್ದರೂ ಅದರಲ್ಲಿ ನೀಲಿ ಕಡಿಮೆ. ಲೈಟ್ ಮೀಟರ್ ಸಾಕೆಂದರೂ ಪ್ಲೇಟ್ ಸಾಲದೆನ್ನುತ್ತದೆ. ಹಳದಿ ಬಲ್ಬಿನ ಬೆಳಕು ಲೆಕ್ಕಕ್ಕೇ ಇಲ್ಲ.

ಮುಖಕ್ಕೆ ತೆಳುವಾಗಿ ಪೌಡರ್ ಹಚ್ಚುವುದನ್ನು ಅಂದಿನ ಸ್ಟುಡಿಯೋಗಳೂ ಮಾಡುತ್ತಿದ್ದವು, ಅದರಲ್ಲಿ ಮೋಸವೇನಿಲ್ಲ. ಆದರೆ ಸನ್‌ಸ್ಕ್ರೀನ್ ಇರುವ ಕ್ರೀಮ್ ಬೇಡ. ಅದು ಅತಿನೇರಳೆಯನ್ನು ಹೀರಿ ಮುಖವನ್ನು ಇನ್ನಷ್ಟು ಕಪ್ಪಾಗಿಸಬಹುದು. ಕೆಂಪು ಲಿಪ್‌ಸ್ಟಿಕ್ ಕಪ್ಪು ಗೆರೆಯಾಗುತ್ತದೆ. ಕನ್ನಡಕ ಬಿಸಿಲಿಗೆ ಬಣ್ಣ ಬದಲಿಸುವಂಥದ್ದಾದರೆ ತೆಗೆದಿಡಲಿ, ಇಲ್ಲವಾದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಬಿಲ್ಲೆಗಳು ಬರುತ್ತವೆ. ಹೊಸದಾಗಿ ತಯಾರಿಸಿದ ಕೊಲೋಡಿಯನ್ ಹಳೆಯದಕ್ಕಿಂತ ಮೃದು. ಹಳತಾಗಿ ಕೆಂಪೇರಿದ್ದು ನಿಧಾನ, ಅದರಲ್ಲಿ ಕಪ್ಪುಬಿಳುಪಿನ ಅಂತರವೂ ಹೆಚ್ಚು. ಬ್ರೋಮೈಡ್ ಹೆಚ್ಚಿರುವ ಪಾಕ ಮುಖಕ್ಕೆ ಇನ್ನೂ ಕರುಣಾಳು.

ಸ್ಥಿರವಾಗಿ ಕುಳಿತುಕೊಳ್ಳುವ ಬಗ್ಗೆ ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ. 19ನೇ ಶತಮಾನದ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ದೊಡ್ಡ ಪ್ಲೇಟುಗಳಲ್ಲಿ, ಮಂದ ಬೆಳಕಿನಲ್ಲಿ ಜನರನ್ನು ನಿಮಿಷಗಟ್ಟಲೆ ಕೂರಿಸಿದ್ದು ಹೌದು. ಆಕೆಯ ಚಿತ್ರಗಳ ಮಸುಕು ಬಂದದ್ದು ಸ್ವಲ್ಪ ಅದರಿಂದಲೂ. ಆದರೆ ಚಿಕ್ಕ ಪ್ಲೇಟು, ಪೆಟ್ಸ್‌ವಾಲ್ ಮಾದರಿಯ ವೇಗದ ಲೆನ್ಸು, ತೆರೆದ ನೆರಳು ಇದ್ದರೆ ಕೆಲವೇ ಸೆಕೆಂಡು ಸಾಕು. ಕಣ್ಣು ಮಿಟುಕಿಸಬಹುದು, ಐದಾರು ಸೆಕೆಂಡಿನಲ್ಲಿ ಒಂದು ಮಿಟುಕು ದಾಖಲಾಗುವುದೇ ಇಲ್ಲ. ತಲೆ ಮುಂದಕ್ಕೋ ಹಿಂದಕ್ಕೋ ಒಂದೆರಡು ಸೆಂಟಿಮೀಟರ್ ಸರಿದರೆ ಮಾತ್ರ ಕಣ್ಣು ಫೋಕಸ್ ತಪ್ಪುತ್ತದೆ. ಕವಲುಗೋಲು ಬೇಕಾಗುವುದು ಅದಕ್ಕಾಗಿ. ಅಮ್ಮನಿಗೆ ಅದು ಇಷ್ಟವಿಲ್ಲದಿದ್ದರೆ ಎತ್ತರದ ಬೆನ್ನಿನ ಕುರ್ಚಿಯಲ್ಲಿ ತಲೆ ಒರಗಿಸಿ ಕೂರಿಸಿ.

ಇನ್ನೊಂದು ದಾರಿಯಿದೆ, ಸಂಪ್ರದಾಯಸ್ಥರಿಗೆ ಅದು ಹಿಡಿಸದು. ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆದು, ಬೇಕಾದ ಛಾಯೆಗೆ ತಂದು, ಪಾರದರ್ಶಕ ಹಾಳೆಯ ಮೇಲೆ ಪಾಸಿಟಿವ್ ಆಗಿ ಮುದ್ರಿಸಿ, ಅದರ ಬಿಂಬವನ್ನು ಹಸಿ ಪ್ಲೇಟಿನ ಮೇಲೆ ಬೀಳಿಸಿ ಡೆವಲಪ್ ಮಾಡುವುದು. ಬೆಳ್ಳಿಯ ಹೊಳಪು, ಅಂಚಿನಲ್ಲಿ ಹರಿದ ಕೊಲೋಡಿಯನ್ನಿನ ಗುರುತು ಎಲ್ಲವೂ ಅಸಲಿಯೇ, ಆದರೆ ಮುಖದ ಬಣ್ಣಗಳನ್ನು ನೋಡಿದ್ದು ಎಲ್ಲ ಬಣ್ಣ ಕಾಣುವ ಸೆನ್ಸರ್. ಎಡ ಬಲವನ್ನೂ ಮೊದಲೇ ಸರಿಪಡಿಸಿಕೊಳ್ಳಬಹುದು. ಇದರಲ್ಲಿ ಕಳೆದುಹೋಗುವುದು ಅಮ್ಮ ಮತ್ತು ಪ್ಲೇಟ್ ಎದುರುಬದುರಾಗಿ ಇದ್ದ ಆ ಕೆಲವು ಸೆಕೆಂಡು. ಅದು ನಿಮಗೆ ಎಷ್ಟು ಮುಖ್ಯ ಎಂಬುದನ್ನು ನೀವೇ ನಿರ್ಧರಿಸಬೇಕು. ನೇರವಾಗಿ ತೆಗೆದ ಪ್ಲೇಟಿನಲ್ಲಿ ನನಗೆ ಸಿಗುವ ಸಂತೋಷ ಇದರಲ್ಲಿ ಸಿಗುವುದಿಲ್ಲ. ಆದರೂ ಮುಖದ ಬಗ್ಗೆ ಮನಸ್ಸು ನೊಂದವರಿಗೆ ನಾನು ಇದನ್ನು ಸೂಚಿಸುತ್ತೇನೆ.

ಕೊನೆಗೆ ಮನೆಯ ಪ್ರಶ್ನೆ. ನಿಮಗೆ ಆಸ್ತಮಾ ಇದೆ ಎಂದಾದ ಮೇಲೆ ಮನೆಯೊಳಗೆ ಬೇಡ ಎಂಬುದೇ ನನ್ನ ಸಲಹೆ. ಸಯನೈಡ್‌ನ ಭಯ ದೊಡ್ಡದು, ಅದನ್ನು ತಪ್ಪಿಸುವುದು ಮಾತ್ರ ಸುಲಭ. ಪೊಟ್ಯಾಸಿಯಂ ಸಯನೈಡ್ ಬಳಸುವುದು ಫಿಕ್ಸರ್ ಆಗಿ, ಎಂದರೆ ಬೆಳಕು ತಾಗದೆ ಉಳಿದ ಬೆಳ್ಳಿ ಲವಣವನ್ನು ಕರಗಿಸಿ ಚಿತ್ರವನ್ನು ಸ್ಥಿರಗೊಳಿಸಲು. ಕಾಲು ಗ್ರಾಂನಷ್ಟು ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ. ಡೆವಲಪರಿನಲ್ಲಿ ಅಸಿಟಿಕ್ ಆಮ್ಲವಿರುತ್ತದೆ, ಪ್ಲೇಟನ್ನು ಸರಿಯಾಗಿ ತೊಳೆಯದೆ ಸಯನೈಡ್‌ಗೆ ಇಳಿಸಿದರೆ ವಿಷಾನಿಲ ಏಳುತ್ತದೆ. ಅದರಿಂದ ಚಿತ್ರಕ್ಕೆ ಬರುವ ಕೊಂಚ ಬೆಚ್ಚಗಿನ ಬಣ್ಣಕ್ಕಾಗಿ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ತಪ್ಪು. ಸೋಡಿಯಂ ಥಯೋಸಲ್ಫೇಟ್, ಎಂದರೆ ನಮ್ಮ ಹಳೆಯ ಹೈಪೋ, ಅದೇ ಕೆಲಸ ಮಾಡುತ್ತದೆ. ತೊಳೆಯುವುದು ಸ್ವಲ್ಪ ಹೆಚ್ಚು ಹೊತ್ತು, ಬಣ್ಣ ಸ್ವಲ್ಪ ತಣ್ಣಗೆ. ನೀಲಿ ಹಾಲಿನಂತೆ ಕಾಣುತ್ತಿದ್ದ ಪ್ಲೇಟ್ ಹೈಪೋದಲ್ಲಿ ನಿಧಾನವಾಗಿ ತಿಳಿಯಾಗಿ ಮುಖ ಹೊರಬರುವುದನ್ನು ನೋಡುವ ಸುಖವೂ ಇದರಲ್ಲಿ ಹೆಚ್ಚು ಹೊತ್ತು ಸಿಗುತ್ತದೆ.

ಜನ ಹೆದರದ, ಆದರೆ ಹೆದರಬೇಕಾದ ವಸ್ತು ಈಥರ್. ಮೈನಸ್ 45 ಡಿಗ್ರಿ ಸೆಲ್ಸಿಯಸ್‌ನಲ್ಲೂ ಅದರ ಆವಿ ಕಿಡಿ ಸಿಕ್ಕರೆ ಹೊತ್ತಿಕೊಳ್ಳಬಲ್ಲದು. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆಯನ್ನೋ ಫ್ರಿಜ್ಜಿನ ಸ್ವಿಚ್ಚಿನ ಕಿಡಿಯನ್ನೋ ಮುಟ್ಟಿ ಬೆಂಕಿಯಾಗಿ ಹಿಂದಿರುಗಬಹುದು. ಬಾಟಲಿಯಲ್ಲಿ ಬಹುಕಾಲ ಉಳಿದರೆ ಸ್ಫೋಟಕ ಪೆರಾಕ್ಸೈಡ್‌ಗಳು ಹುಟ್ಟುತ್ತವೆ. ಉಸಿರಿನ ತೊಂದರೆ ಇರುವವರನ್ನು ಈಥರ್ ಮತ್ತು ಅಸಿಟಿಕ್ ಆಮ್ಲದ ಆವಿ ಕೆರಳಿಸಬಹುದು, ಧೂಳು ತಡೆಯುವ ಸಾಮಾನ್ಯ ಮಾಸ್ಕ್ ಆವಿಯನ್ನು ತಡೆಯದು. ಸಿಲ್ವರ್ ನೈಟ್ರೇಟ್ ಕೈಗೆ ತಗುಲಿದರೆ ದಿನಗಟ್ಟಲೆ ಹೋಗದ ಕಪ್ಪು ಕಲೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕೈಗವಸಿಗಿಂತ ಮೊದಲು ಕಣ್ಣಿಗೆ ಕಾಪು ಧರಿಸಿ. ಕೊಲೋಡಿಯನ್ ಪಾಕಗಳಲ್ಲಿರುವ ಕ್ಯಾಡ್ಮಿಯಂ ಲವಣಗಳು ಕ್ಯಾನ್ಸರ್‌ಕಾರಕ. ಕ್ಯಾಡ್ಮಿಯಂ ಇಲ್ಲದ ಪಾಕಗಳೂ ಇವೆ, ಅವು ಬೇಗ ಹಳತಾಗುತ್ತವೆ ಅಷ್ಟೇ. ಬೆಳ್ಳಿಯಿರುವ ಯಾವ ದ್ರವವನ್ನೂ ಚರಂಡಿಗೆ ಚೆಲ್ಲಬಾರದು. ಇನ್ನು ವಾರ್ನಿಷ್. ಆಲ್ಕೋಹಾಲ್, ಸ್ಯಾಂಡರಾಕ್ ಅಂಟು, ಲ್ಯಾವೆಂಡರ್ ಎಣ್ಣೆಯ ಆ ಸುವಾಸನೆಯ ಮಿಶ್ರಣವನ್ನು ಬಳಿದ ಪ್ಲೇಟನ್ನು ದೀಪದ ಜ್ವಾಲೆಯ ಮೇಲೆ ಕಾಯಿಸುತ್ತಾರೆ, ಪ್ಲೇಟಿಗೇ ಬೆಂಕಿ ಹತ್ತುವುದು ಈ ಹಂತದಲ್ಲಿ. ಇಷ್ಟು ಅಪಾಯಗಳಲ್ಲಿ ಎದುರು ಕುಳಿತವರಿಗೆ ತಟ್ಟುವುದು ಬಹಳ ಕಡಿಮೆ, ಬಹುಪಾಲೆಲ್ಲ ಕೆಲಸ ಮಾಡುವವರಿಗೇ. ಅಮ್ಮ ಕ್ಯಾಮೆರಾದ ಮುಂದೆ ಇದ್ದಷ್ಟು ಹೊತ್ತು ಸುರಕ್ಷಿತ, ಡಾರ್ಕ್‌ರೂಮಿಗೆ ಕರೆತರಬೇಡಿ.

ನಿಮ್ಮ ವೈದ್ಯರು ಒಪ್ಪಿದರೆ, ಗಾಳಿಯನ್ನು ಹೊರಗೆಳೆಯುವ ವ್ಯವಸ್ಥೆಯಿರುವ ಕಾರ್ಯಾಗಾರದಲ್ಲಿ ಅನುಭವಿಯ ಪಕ್ಕ ನಿಂತು ಕಲಿಯಿರಿ. ಸುರಿಯುವ ಕೆಲಸವನ್ನು ಅವರಿಗೆ ಬಿಟ್ಟು, ಬೆಳಕು, ಬಟ್ಟೆ, ಕೂರಿಸುವ ರೀತಿ, ಎಕ್ಸ್‌ಪೋಷರ್ ನಿಮ್ಮ ಕೈಯಲ್ಲಿರಲಿ. ಅಮ್ಮನ ಚಿತ್ರ ಚೆನ್ನಾಗಿ ಬರುವುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ, ಡಿಜಿಟಲ್ ಬಲ್ಲ ನಿಮಗೆ ಅದು ಹೊಸ ವಿದ್ಯೆಯೇನಲ್ಲ.

ಈಗಿರುವ ಪ್ಲೇಟನ್ನು ಕೋಪದಲ್ಲಿ ಉಜ್ಜಿ ಅಳಿಸಲು ಹೋಗಬೇಡಿ, ಆಲ್ಕೋಹಾಲಿನಿಂದ ಒರೆಸಲೂ ಬೇಡಿ, ವಾರ್ನಿಷ್ ಕರಗಿ ಚಿತ್ರವೂ ಹೋಗುತ್ತದೆ. ವಾರ್ನಿಷ್ ಬಳಿದಿದ್ದಾರೋ ಇಲ್ಲವೋ ಎಂದು ಸ್ಟುಡಿಯೋದವರನ್ನು ಕೇಳಿ. ಬಳಿಯದಿದ್ದರೆ ಬೆಳ್ಳಿ ಗಾಳಿಗೆ ಮಾಸುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ. ಅವರಿಂದಲೇ ಬಳಿಸಿಕೊಂಡು, ಆಮ್ಲರಹಿತ ಕಾಗದದಲ್ಲಿ ಸುತ್ತಿ, ತೇವವಿಲ್ಲದ ಕಡೆ ಇಡಿ. ಗೋಡೆಗೆ ಹಾಕುವುದೋ ಪೆಟ್ಟಿಗೆಯಲ್ಲಿಡುವುದೋ ಅಮ್ಮನೇ ಹೇಳಲಿ.